ಚೌಡಪ್ಪನವರ ಮೂವತ್ತು ಹೆಣ್ಣುಮಕ್ಕಳು

ಚೌಡಪ್ಪನವರ ಬಲಗೈ ತೋರುಬೆರಳು ಸದಾ ನೀಲಿ. ದಿನಕ್ಕೆ ಅದೆಷ್ಟು ಬರೆಯುತ್ತಾರೋ ಪಾಪ ಎಂದು ಹೊಸಬರು ಮರುಗುತ್ತಿದ್ದರು. ಅವರ ಪೆನ್ನು ಸೋರುತ್ತಿತ್ತು, ಅಷ್ಟೆ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಚಿಂತಾಮಣಿಯ ಒಂದು ಕಾಲೇಜಿಗೆ ಬಿ.ಕಾಂ. ಸೇರಿದಾಗ ಅವರು ಅಲ್ಲಿ ಹೆಡ್ ಕ್ಲರ್ಕ್. ಕೈವಾರದಿಂದ ಬಸ್ಸಿನಲ್ಲಿ ಬಂದು, ಕೋಟು ಬಿಚ್ಚಿ ಕುರ್ಚಿಗೆ ತಗುಲಿಸಿ, "ಏನಪ್ಪಾ, ಇವತ್ತೂ ಕಾಲೇಜ್ ಇದ್ಯಾ?" ಎಂದು ಪ್ಯೂನನ್ನು ಕೇಳುತ್ತಿದ್ದರು. ಇದೆ ಎಂದರೆ ಮುಖ ಸಪ್ಪಗಾಗುತ್ತಿತ್ತು.

ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯದಿಂದ ಒಂದು ಉದ್ದನೆಯ ತಖ್ತೆ ಬರುತ್ತಿತ್ತು. ವಿದ್ಯಾರ್ಥಿಯ ಹೆಸರು, ಗಂಡೋ ಹೆಣ್ಣೋ, ಧರ್ಮ, ಜಾತಿ, ಮಾತೃಭಾಷೆ, ಊರು, ಎಲ್ಲಕ್ಕೂ ಒಂದೊಂದು ಕಾಲಂ. ನಾವು ಎಷ್ಟು ಬಗೆಯ ಜನ ಎಂದು ತಿಳಿಯುವ ಕುತೂಹಲ ಅಲ್ಲಿನ ದೊಡ್ಡವರಿಗೆ. ಆ ಕುತೂಹಲದ ಒಂದು ಹನಿಯೂ ಚೌಡಪ್ಪನವರಿಗಿರಲಿಲ್ಲ.

"ಮಾತೃಭಾಷೆ ಯಾವುದಪ್ಪ?"

"ಮನೇಲಿ ತೆಲುಗು ಸಾರ್. ಅಂಗಡೀಲಿ ಕನ್ನಡ. ಅಜ್ಜಿ ಹತ್ರ ಎರಡೂ."

"ಯಾವುದಾದ್ರೂ ಒಂದು ಹೇಳಪ್ಪ. ಕಾಲಂ ಇರೋದು ಒಂದೇ."

ಹೀಗೆ ನಾಲ್ಕು ಜನರನ್ನು ಕೇಳುವಷ್ಟರಲ್ಲಿ ಅವರಿಗೆ ಸಾಕಾಗುತ್ತಿತ್ತು. ಆಮೇಲೆ ತಮ್ಮದೇ ದಾರಿ ಹಿಡಿಯುತ್ತಿದ್ದರು. ಪುಟದ ಮೊದಲ ವಿದ್ಯಾರ್ಥಿಯ ವಿವರವನ್ನು ಪೂರ್ತಿ ಬರೆದು, ಕೆಳಗಿನವರಿಗೆಲ್ಲ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆ ಡಿಟ್ಟೋ ಗೀಟು. ಒಂದು ವರ್ಷ ಇಡೀ ತರಗತಿ ಗುಡಿಬಂಡೆಯಲ್ಲಿ ಹುಟ್ಟಿತು. ಇನ್ನೊಂದು ವರ್ಷ ಎಲ್ಲರೂ ರೆಡ್ಡಿಗಳಾದರು. ಜಾತಿಭೇದ ಅಳಿಸಲು ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡವರೆಲ್ಲ ಒಮ್ಮೆ ಚಿಂತಾಮಣಿಗೆ ಬಂದು ಇವರ ಮೇಜಿನ ಮುಂದೆ ಕೂರಬೇಕಿತ್ತು.

ನಾನು ಆಬಿದಾ, ಶಿಡ್ಲಘಟ್ಟದವಳು. ಅಬ್ಬಾ ರೇಷ್ಮೆ ನೂಲು ತೆಗೆಸುತ್ತಿದ್ದರು. ನಮ್ಮ ತರಗತಿಯಲ್ಲಿ ಇಪ್ಪತ್ತೊಂಬತ್ತು ಹುಡುಗರು, ಇಡೀ ಕಾಲೇಜಿಗೆ ನಾನೊಬ್ಬಳೇ ಹುಡುಗಿ. ಬಸ್ಸು ನನ್ನನ್ನು ಒಂಬತ್ತಕ್ಕೆ ಇಳಿಸುತ್ತಿತ್ತು, ಕ್ಲಾಸು ಹನ್ನೊಂದಕ್ಕೆ. ಆ ಎರಡು ಗಂಟೆ ಹೊಂಗೆಮರದ ಕೆಳಗೆ ನಿಂತಿರುತ್ತಿದ್ದೆ. ಎದುರಿನ ಸೈಕಲ್ ಸ್ಟ್ಯಾಂಡಿನಲ್ಲಿ ಹುಡುಗರಿಗೆ ಆ ಹೊತ್ತಿಗೆ ಇರುತ್ತಿದ್ದಷ್ಟು ಸೈಕಲ್ ರಿಪೇರಿ ನಾನು ಮತ್ತೆಲ್ಲೂ ಕಂಡಿಲ್ಲ.

ಒಂದು ದಿನ ಅಬ್ಬಾ ಬಂದು ಇದನ್ನು ನೋಡಿದರು. ನೇರ ಆಫೀಸಿಗೆ ನಡೆದರು.

"ಹೆಣ್ಣುಮಕ್ಕಳು ಕೂತ್ಕೊಳ್ಳೋಕೆ ಒಂದು ರೂಮ್ ಇಲ್ವಾ ಸ್ವಾಮಿ?"

"ಒಬ್ಬಳಿಗೆ ರೂಮ್ ಯಾರು ಕೊಡ್ತಾರೆ ಸಾಬ್ರೆ?" ಎಂದರು ಚೌಡಪ್ಪ. "ಯೂನಿವರ್ಸಿಟಿನ ಕೇಳಿ ಆಯ್ತು. ಹತ್ತು ಹೆಣ್ಣುಮಕ್ಕಳಾದ್ರೂ ಇರಬೇಕಂತೆ."

"ದಸರಾ ರಜಾ ಮುಗಿಯೋವರೆಗೂ ನೋಡ್ತೀನಿ. ಆಮೇಲೆ ಇವಳು ಮನೇಲೇ ಇರ್ತಾಳೆ."

ಅಬ್ಬಾ ಒಂದು ಸಲ ಹೇಳಿದರೆ ಮುಗಿಯಿತು. ಬಸ್ಸಿನಲ್ಲಿ ಅವರ ಪಕ್ಕ ಕೂತು ಊರು ಬರುವವರೆಗೂ ಅತ್ತೆ. ಓದಲೇಬೇಕು ಎಂಬ ಹಟ ನನ್ನದು, ಅದನ್ನು ಹೇಳುವ ಧೈರ್ಯ ಇರಲಿಲ್ಲ.

ಅದೇ ತಿಂಗಳು ತಖ್ತೆ ಬಂತು. ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರನ್ನು ಮೊದಲು ಬರೆಯುವುದು ಕಾಲೇಜಿನ ವಾಡಿಕೆ. ಹಾಗಾಗಿ ಪುಟದ ತಲೆಯಲ್ಲಿ ನಾನಿದ್ದೆ. ಆಬಿದಾ, ಹೆಣ್ಣು, ಮುಸ್ಲಿಂ, ಉರ್ದು, ಶಿಡ್ಲಘಟ್ಟ. ಕೆಳಗೆ ಇಪ್ಪತ್ತೊಂಬತ್ತು ಜನಕ್ಕೆ ಗೀಟು.

ಕೆಲವು ವಾರಗಳಲ್ಲಿ ವಿಶ್ವವಿದ್ಯಾಲಯದ ಪತ್ರ ಬಂತು. ಇಂಥ ಊರಿನಲ್ಲಿ ಮೂವತ್ತು ಮುಸ್ಲಿಂ ಹೆಣ್ಣುಮಕ್ಕಳನ್ನು ಓದಿಸುತ್ತಿರುವುದಕ್ಕೆ ಅಭಿನಂದನೆ, ಮಹಿಳೆಯರ ಕೊಠಡಿ ಮಂಜೂರಾಗಿದೆ ಎಂದಿತ್ತು. ಪ್ರಿನ್ಸಿಪಾಲರು ಎರಡು ಸಲ ಓದಿ, ಬೆವರು ಒರೆಸಿಕೊಂಡು, ತಿದ್ದಿದ ತಖ್ತೆ ಕೂಡಲೇ ಕಳಿಸುವಂತೆ ಚೌಡಪ್ಪನವರಿಗೆ ಹೇಳಿದರು. "ಆಗ್ಲಿ ಸಾರ್" ಎಂದ ಚೌಡಪ್ಪನವರು ಸುಮ್ಮನೆ ಕೂತರು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಅಷ್ಟರಲ್ಲಿ ಆಟದ ಸಾಮಾನಿನ ಕೋಣೆ ಖಾಲಿಯಾಗಿ ಎರಡು ಬೆಂಚು, ಒಂದು ಹೂಜಿ, ಒಳಗಿನಿಂದ ಹಾಕುವ ಚಿಲಕ ಬಂದವು. ದಸರಾ ಮುಗಿದ ಮೇಲೆ ಅಬ್ಬಾ ಬಂದು ಚಿಲಕವನ್ನು ಮೂರು ಸಲ ಹಾಕಿ ತೆಗೆದು, "ಪರವಾಗಿಲ್ಲ" ಎಂದರು. ಮಾರನೆಯ ವರ್ಷ ನಾಲ್ಕು ಹುಡುಗಿಯರು ಹೊಸದಾಗಿ ಸೇರಿದರು.

ಆ ವರ್ಷವೇ ಒಬ್ಬ ಮಹಿಳಾ ಅಧಿಕಾರಿ ಮೂವತ್ತು ಹೆಣ್ಣುಮಕ್ಕಳನ್ನು ಕಣ್ತುಂಬ ನೋಡಲು ಬೆಂಗಳೂರಿನಿಂದ ಬಂದರು. ರೂಮಿನಲ್ಲಿ ಕಂಡದ್ದು ಐದು ಜನ.

"ಉಳಿದವರೆಲ್ಲಿ?" ಎಂದರು.

"ರಜಾ ಮೇಡಂ," ಎಂದರು ಚೌಡಪ್ಪ.

ಆಕೆ ನಗಲಿಲ್ಲ. ತಖ್ತೆ ಹಿಡಿದು ನಮ್ಮ ತರಗತಿಗೆ ಬಂದು ತಾವೇ ಹೆಸರು ಕೂಗಿದರು. ನನ್ನ ನಂತರದ ಹೆಣ್ಣುಮಗಳು ಮುನಿವೆಂಕಟರೆಡ್ಡಿ ಮೀಸೆಯ ಸಮೇತ ಎದ್ದು ನಿಂತು "ಪ್ರೆಸೆಂಟ್ ಮೇಡಂ" ಎಂದ.

ಹುಡುಗಿಯರು ಬಳಸುತ್ತಿದ್ದ ರೂಮನ್ನು ವಾಪಸ್ ಪಡೆಯಲು ಆಕೆಗೆ ಮನಸ್ಸಾಗಲಿಲ್ಲ. ಚೌಡಪ್ಪನವರಿಗೆ ಮಾತ್ರ ಮೆಮೋ ಬಂತು, ಅದರ ಹಿಂದೆಯೇ ಗೌರಿಬಿದನೂರಿಗೆ ವರ್ಗ. ಕೈವಾರದಿಂದ ದಿನವೂ ಅಲ್ಲಿಗೆ ಓಡಾಡುವ ಹಾಗಿರಲಿಲ್ಲ. ಆ ವಯಸ್ಸಿನಲ್ಲಿ ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಅಲ್ಲೊಂದು ಕೋಣೆ ಹಿಡಿಯಬೇಕಾಯಿತು. ಸೋಮಾರಿಗೆ ತಕ್ಕ ಶಾಸ್ತಿ ಎಂದು ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಅದೇ ಹೊತ್ತಿಗೆ ನಾನು ಬಸ್ಸಿಳಿದೆ.

"ಪ್ರಿನ್ಸಿಪಾಲ್ ಹೇಳಿದಾಗ್ಲೇ ತಿದ್ದಿ ಕಳಿಸಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅಲ್ವಾ ಸಾರ್?"

"ಬರೆಯೋವಾಗ ಮಾಡಿದ್ದು ಸೋಮಾರಿತನಾನೇ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ತಿದ್ದಿ ಬರೆದೆ. ಮೂವತ್ತು ಜನರ ಅಡ್ಮಿಷನ್ ಅರ್ಜೀನೂ ಒಂದೊಂದೇ ತೆಗೆದು ನೋಡಿ, ಎಲ್ಲಾ ಕಾಲಂ ತುಂಬಿಸ್ದೆ. ಕವರಿಗೂ ಹಾಕ್ದೆ." ನೀಲಿ ಬೆರಳನ್ನು ಕೋಟಿಗೆ ಒರೆಸಿಕೊಂಡರು. "ಅದನ್ನ ಪೋಸ್ಟ್ ಮಾಡಿದ್ರೆ ರೂಮ್ ಹೋಗ್ತಿತ್ತು. ರೂಮ್ ಹೋದ್ರೆ ನಿಮ್ಮಪ್ಪ ನಿನ್ನ ಕಳಿಸ್ತಿದ್ರಾ?"

ನನಗೆ ಕಣ್ಣಲ್ಲಿ ನೀರು ಬಂತು.

"ಅಳಬೇಡಮ್ಮ, ಜನ ನೋಡ್ತಾರೆ. ಹೋಗು, ಪ್ಯೂನ್ ರೂಮ್ ಬೀಗ ತೆಗೆದಿರ್ತಾನೆ."

ಡಿಗ್ರಿ ಮುಗಿಸಿ, ಮಾರ್ಕ್ಸ್ ಕಾರ್ಡ್ ಹಿಡಿದು ಗೌರಿಬಿದನೂರಿಗೆ ಹೋದೆ. ಕವರಿನ ವಿಷಯ ನನ್ನಿಂದ ಕೇಳಿದ್ದ ಅಬ್ಬಾ ಜೊತೆಗೆ ಬಂದಿದ್ದರು. ಚೌಡಪ್ಪನವರು ತೀರಿಕೊಂಡು ಎರಡು ತಿಂಗಳಾಯಿತು ಎಂದು ಆಫೀಸಿನವರು ಹೇಳಿದರು. ಅಬ್ಬಾ ನನ್ನ ಕೈಯಿಂದ ಕಾರ್ಡ್ ತೆಗೆದುಕೊಂಡು, ಚೌಡಪ್ಪನವರ ಮೇಜಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮತ್ತೆ ಎತ್ತಿಕೊಂಡರು.