ಅರ್ಧ ಮಂಡೆಯ ರಾಜ

ವಿಟ್ಲದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಇದಿನಬ್ಬನಿಗೆ ಎರಡೇ ಹೆಮ್ಮೆ. ಒಂದು, ಡಬ್ಬಿ ತುಂಬ ಕೂಡಿಟ್ಟ ಬ್ರಿಟಿಷರ ಕಾಲದ ನಾಣ್ಯಗಳು. ಇನ್ನೊಂದು, ತೀರಿಹೋದ ಅಜ್ಜ. ಅಡಿಕೆ ವ್ಯಾಪಾರಿಯಾಗಿದ್ದ ಅಜ್ಜನ ತಕ್ಕಡಿ ಒಂದು ದಿನವೂ ಸುಳ್ಳು ಹೇಳಲಿಲ್ಲ ಎಂದು ಪೇಟೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಹೇಳಲು ಮರೆತರೆ ಇದಿನಬ್ಬನೇ ನೆನಪಿಸಿ ಹೇಳಿಸುತ್ತಾನೆ.

ಭಾನುವಾರ ಬಂತೆಂದರೆ ಅವನ ಸವಾರಿ ಕಲ್ಲಡ್ಕಕ್ಕೆ. ಅದೇ ಹುಚ್ಚಿನ ನಿತ್ಯಾನಂದ ಶೆಟ್ರು ಸಿದ್ಧಕಟ್ಟೆಯಿಂದ ಬರುತ್ತಾರೆ. ಹೋಟೆಲಿನ ಮೂಲೆಯ ಮೇಜಿನಲ್ಲಿ ಚಹಾ ಆರುತ್ತಿರುತ್ತದೆ. ಇವರು ಜಾರ್ಜ್ ರಾಜನ ಗಡ್ಡದ ಬಗ್ಗೆ ವಾದಿಸುತ್ತಿರುತ್ತಾರೆ. ಇಬ್ಬರಿಗೂ ಸೋತು ಗೊತ್ತಿಲ್ಲ.

ಕಳೆದ ತಿಂಗಳು ಇದಿನಬ್ಬ ತನ್ನನ್ನು ಹೆತ್ತ ಉಮ್ಮ ಖದೀಜಳ ಕಪಾಟಿನಲ್ಲಿ ಸಿಕ್ಕಿದ, ಅಜ್ಜನ ಕಾಲದ ಬೆಳ್ಳಿ ರೂಪಾಯಿಯೊಂದನ್ನು ತಂದಿದ್ದ. ಕಿರೀಟವಿಲ್ಲದ ಎಡ್ವರ್ಡ್ ರಾಜನದು. ಕಿರೀಟ ಹಾಳಾಗಲಿ, ರಾಜನಿಗೆ ಮೂಗೇ ಇರಲಿಲ್ಲ. ಒಂದು ಬದಿ ಮಾತ್ರ ಓರೆಯಾಗಿ ಸವೆದು ಅರ್ಧ ಮುಖ ಮಾಯವಾಗಿತ್ತು. ಉಳಿದರ್ಧ ನಿನ್ನೆ ಅಚ್ಚು ಹಾಕಿದಷ್ಟು ಹೊಸದು. ಕೈಯಿಂದ ಕೈಗೆ ದಾಟಿ ಸವೆದದ್ದಾದರೆ ಎಲ್ಲ ಕಡೆಯೂ ಸವೆಯಬೇಕಿತ್ತಲ್ಲ?

ಶೆಟ್ರು ಭೂತಗನ್ನಡಿ ಹಿಡಿದು ಸುಮಾರು ಹೊತ್ತು ನೋಡಿದರು. "ಇದು ಕೆರೆದದ್ದು ಬ್ಯಾರಿಗಳೇ. ಬೆಳ್ಳಿ ಕೆರೆದು ಇಟ್ಟುಕೊಂಡು ರೂಪಾಯಿ ದಾಟಿಸುವವರು ಆಗ ಇದ್ದರು. ನಿಮ್ಮ ಅಜ್ಜ ಭಾರೀ ಬುದ್ಧಿವಂತರು ಮಾರಾಯ್ರೆ."

ತಮಾಷೆಗೆ ಹೇಳಿದ ಮಾತು. ಇದಿನಬ್ಬನೂ ನಕ್ಕ. ಆದರೆ ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಗಡಿಯಲ್ಲಿ ಕೂತಾಗಲೆಲ್ಲ ಕಿಸೆಯ ನಾಣ್ಯ ಮುಟ್ಟಿ ನೋಡುತ್ತಿದ್ದ. ಉಮ್ಮನನ್ನು ಕೇಳಿದರೆ ತಿಳಿಯುತ್ತಿತ್ತು. ಆದರೆ ಉಮ್ಮ ಹೌದೆಂದುಬಿಟ್ಟರೆ? ಆ ಭಯಕ್ಕೆ ನಾಲ್ಕು ದಿನ ತಡೆದ. ಐದನೆಯ ದಿನ ಕುತೂಹಲವೇ ಗೆದ್ದಿತು. ಬೆಳ್ಳುಳ್ಳಿ ಸುಲಿಯುತ್ತಿದ್ದ ಖದೀಜಳ ಮುಂದೆ ನಾಣ್ಯ ಇಟ್ಟ.

ಅವಳು ರಾಜನ ಕಡೆ ನೋಡಲೂ ಇಲ್ಲ. ಸವೆದ ಬದಿಯನ್ನು ಹೆಬ್ಬೆರಳಿನಿಂದ ಸವರಿ ನಕ್ಕಳು.

"ಕೆರೆದದ್ದಲ್ಲ ಮೋನೆ, ತೇದದ್ದು."

ಹುಟ್ಟಿದ ಮಗುವಿನ ನಾಲಿಗೆಗೆ ಬಜೆಯ ಜೊತೆ ಚಿನ್ನವನ್ನೂ ಜೇನಿನಲ್ಲಿ ತೇದು ನೆಕ್ಕಿಸುವುದು ಊರಿನ ರೂಢಿ. ತಕ್ಕಡಿ ನೇರ ಇಟ್ಟವನ ಮನೆಗೆ ಚಿನ್ನ ಎಲ್ಲಿಂದ ಬರಬೇಕು? ಇದ್ದ ಒಂದು ಬೆಳ್ಳಿ ರೂಪಾಯಿಯನ್ನೇ ಅಜ್ಜ ಕಲ್ಲಿನ ಮೇಲೆ ತೇಯುತ್ತಿದ್ದರಂತೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಕೇಳಿ ಬಂದರೆ ನೆರೆಮನೆಯ ಮಕ್ಕಳಿಗೂ.

"ರಾಜನ ಮೂಗು ಪೂರ್ತಿ ನೆಕ್ಕಿದ್ದು ನೀನು," ಎಂದಳು ಖದೀಜ.

ಇದಿನಬ್ಬನಿಗೆ ಅಳುವಷ್ಟು ಸಂತೋಷವಾಯಿತು. ಮುಂದಿನ ಭಾನುವಾರ ಚಹಾ ಬರುವ ಮೊದಲೇ ಎಲ್ಲ ಹೇಳಿದ. ತಮ್ಮ ಮನೆಯಲ್ಲಿ ಅಜ್ಜಿಯ ಉಂಗುರ ತೇಯುತ್ತಿದ್ದುದು ಶೆಟ್ರಿಗೂ ನೆನಪಾಯಿತು. ಅಂದದ್ದು ತಪ್ಪಾಯಿತು ಎಂದರು. ಆದರೆ ಹುಟ್ಟುಗುಣ ಬಿಡುತ್ತದೆಯೇ? ಮರುಕ್ಷಣವೇ ತಮ್ಮ ಹತ್ತಿರದ ಕಲೆಯಿಲ್ಲದ ವಿಕ್ಟೋರಿಯಾ ರೂಪಾಯಿಯನ್ನು ಮೇಜಿನ ಮೇಲಿಟ್ಟು, ಇದನ್ನು ಕೊಡುತ್ತೇನೆ, ಅದನ್ನು ಕೊಡಿ ಎಂದರು. ಇದಿನಬ್ಬ ವರ್ಷಗಳಿಂದ ಕಣ್ಣಿಟ್ಟಿದ್ದ ರಾಣಿ ಅದು.

ಅವನು ರಾಣಿಯನ್ನು ಒಮ್ಮೆ ನೋಡಿ, ಮೂಗಿಲ್ಲದ ರಾಜನನ್ನು ಕಿಸೆಗೆ ಹಾಕಿಕೊಂಡ.

"ಬೇಡ ಶೆಟ್ರೇ. ಹೆರಿಗೆಗೆ ಬಂದ ಮಗಳು ಮಿಸ್ರಿಯಾಳಿಗೆ ತಿಂಗಳು ತುಂಬಿದೆ. ರಾಜನ ಅರ್ಧ ಮಂಡೆ ಇನ್ನೂ ಉಂಟು."