ಪರಮಾಣು ಎಣಿಸಿ ಬಂದ ಧಮ್ಮಪಾಲ

ಹಿರೋಳ್ಳಿಯ ಧಮ್ಮಪಾಲ ಮೂವತ್ತೊಂದು ವರ್ಷ ಕಡಲದಂಡೆಯ ಒಂದು ಅಣು ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿದ್ದು, ಹೋದ ವರ್ಷ ನಿವೃತ್ತನಾಗಿ ಊರಿಗೆ ಮರಳಿದ. ಮದುವೆಯಾಗಿರಲಿಲ್ಲ. ತಂದೆ ಪೀರಪ್ಪ ಬಿಟ್ಟುಹೋದ ಎರಡು ಖೋಲಿಯ ಮನೆಗೆ ಸುಣ್ಣ ಹೊಡೆಸಿ ಇದ್ದುಕೊಂಡ.

ಅವನ ಕೆಲಸ ಏನೆಂದು ಊರಿಗೆ ಗೊತ್ತಿರಲಿಲ್ಲ. ರಿಯಾಕ್ಟರಿನಲ್ಲಿ ಉರಿದು ಮುಗಿದ ಇಂಧನದ ಕಡ್ಡಿಯನ್ನು ಸಣ್ಣದೊಂದು ಪ್ರಯೋಗದ ರಿಯಾಕ್ಟರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತಿದ್ದರು. ಅಷ್ಟರಲ್ಲಿ ಅದರೊಳಗೆ ಹೊಸದಾಗಿ ಎಷ್ಟು ಪರಮಾಣುಗಳು ಸೀಳಿಹೋದವೆಂದು ಅಳೆಯುವವನು ಅವನು. ಹಳೆಯ ಕಡ್ಡಿ ಮೊದಲೇ ವಿಕಿರಣ ಸೂಸುತ್ತಿರುತ್ತದೆ; ಆ ಗದ್ದಲದಲ್ಲಿ ಹೊಸ ಸೀಳಿನ ಗುರುತು ಸಿಗುವುದು ಕಷ್ಟ. ತೀರ ಹೆಚ್ಚಿನ ಶಕ್ತಿಯ ಕಿರಣಗಳನ್ನಷ್ಟೇ ಆರಿಸಿ, ಅವು ಕ್ಷೀಣಿಸುವ ಮೊದಲೇ ಎಣಿಸಬೇಕು. ದಪ್ಪ ಸೀಸದ ಗೋಡೆಯ ಆಚೆ ಕಡ್ಡಿ, ಈಚೆ ಅವನೊಬ್ಬನೇ.

ಊರಿಗೆ ಬಂದಮೇಲೆ ಬೆಳಿಗ್ಗೆ ಹಸನಸಾಬನ ಚಹಾದಂಗಡಿಗೆ ಹೋಗುವುದು ರೂಢಿಯಾಯಿತು. ಒಂದು ದಿನ ಎಲ್ಲರಿಗೂ ಗಾಜಿನ ಗ್ಲಾಸು, ಅವನಿಗೆ ಮಾತ್ರ ಕಾಗದದ ಕಪ್ಪು ಬಂತು. ಮರುದಿನವೂ. ಮೂರನೆಯ ದಿನ ಕೇಳಿಯೇಬಿಟ್ಟ.

"ಯಾಕ್ರಿ ಹಸನಸಾಬ, ನನಗೊಬ್ಬನಿಗೇ ಇದು?"

ಹಸನಸಾಬ ಒಲೆಯತ್ತ ನೋಡುತ್ತಲೇ ಹೇಳಿದ: "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಮೈಯಾಗ ಅಣುಬಾಂಬಿನ ವಿಷ ಅದ, ಗ್ಲಾಸಿಗಿ ಹತ್ತತದ ಅಂತ ಮಂದಿ ಅಂಜಾಕತ್ತಾರ."

ಧಮ್ಮಪಾಲ ಕೈಯಲ್ಲಿದ್ದ ಕಾಗದದ ಕಪ್ಪನ್ನು ನೋಡಿದ. ಅವನು ಚಿಕ್ಕವನಿದ್ದಾಗ ಇದೇ ಓಣಿಯ ಅಂಗಡಿಯವರು ಅವನ ತಂದೆಗೆ ಹೊರಗೆ ಇಟ್ಟ ಬೇರೆ ಬಟ್ಟಲಿನಲ್ಲಿ ಚಹಾ ಸುರಿಯುತ್ತಿದ್ದರು. ಕುಡಿದು ತಾನೇ ತೊಳೆದು ಬೋರಲು ಹಾಕಿ ಬರಬೇಕಿತ್ತು.

"ನಾ ಅಣು ಇಂಧನದ ಕಡ್ಡಿ ಒಮ್ಮೆನೂ ಮುಟ್ಟಿಲ್ರಿ," ಎಂದ. "ತಿಂಗಳಾ ತಿಂಗಳಾ ತಪಾಸ ಮಾಡ್ತಿದ್ರು. ನನಗೇನೂ ಹತ್ತಿಲ್ಲ, ನನ್ನಿಂದ ಯಾರಿಗೂ ಹತ್ತಂಗಿಲ್ಲ."

ಹಸನಸಾಬ ಗಾಜಿನ ಗ್ಲಾಸಿಗೆ ಚಹಾ ಸುರಿದು ಕೊಟ್ಟ. ಬೆಂಚಿನ ಮೇಲಿದ್ದ ಮೂವರು ಎದ್ದು ಹೋದರು. ಖಾಲಿಯಾದ ಜಾಗದಲ್ಲಿ ಹಸನಸಾಬನೇ ಬಂದು ಕುಳಿತ.

"ಹೋಗ್ಲಿ ಬಿಡ್ರಿ. ಇಷ್ಟ ವರ್ಷ ಅಲ್ಲೇನ್ ಮಾಡಿದ್ರಿ, ನನಗಾರ ಹೇಳ್ರಿ."

ಹಾಗೆ ಯಾರೂ ಕೇಳಿರಲಿಲ್ಲ. ಧಮ್ಮಪಾಲ ತಡೆತಡೆದು ಹೇಳಿದ: ಒಂದೇ ಅಳತೆಯನ್ನು ಹನ್ನೊಂದು ಸಲ ಮಾಡಿದ್ದು, ಕೊನೆಗೆ ಅದು ಸರಿಬಂದ ದಿನ ಆ ಖುಷಿ ಹೇಳಿಕೊಳ್ಳಲು ಯಾರೂ ಇಲ್ಲದೆ ಸಮುದ್ರದ ದಂಡೆಗೆ ಹೋಗಿ ಕುಳಿತದ್ದು. ಹಸನಸಾಬನಿಗೆ ಅರ್ಧ ತಿಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಮುಂದಿನ ಎರಡು ವಾರ ಬೆಳಗಿನ ಗಿರಾಕಿಗಳು ಕಡಿಮೆಯಾದರು. ಉಳಿದ ಚಹಾವನ್ನು ಹಸನಸಾಬ ಮೋರಿಗೆ ಸುರಿಯುವುದನ್ನು ಒಂದು ದಿನ ಧಮ್ಮಪಾಲ ಕಂಡ.

ಮರುದಿನದಿಂದ ಮಧ್ಯಾಹ್ನ ಮೂರಕ್ಕೆ, ಅಂಗಡಿಯಲ್ಲಿ ಯಾರೂ ಇರದ ಹೊತ್ತಿಗೆ ಬರತೊಡಗಿದ. ಬೆಳಿಗ್ಗೆ ಯಾಕೆ ಬರುವುದಿಲ್ಲವೆಂದು ಹಸನಸಾಬ ಕೇಳಲಿಲ್ಲ.