ಎರಡು ಮನೆ, ಒಂದೇ ಹೇನು

ಸೆಲೂನಿನವನಿಗೂ ಪಿ.ಟಿ. ಮಿಸ್‌ಗೂ ಹನ್ನೊಂದು ವರ್ಷ ಸಂಸಾರ ನಡೆದದ್ದೇ ಒಂದು ಸೋಜಿಗ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇವರ ಮನೆಯಲ್ಲಿ ಎತ್ತು ಯಾರು, ಕೋಣ ಯಾರು ಅನ್ನುವುದಕ್ಕೇ ಜಗಳ. ಅವನದು ಗಿರಾಕಿಗೆ ಜೋಂಪು ಹತ್ತಿಸುವಂಥ ನಿಧಾನದ ಮಾತು. ಅವಳಿಗೆ ಮೈದಾನದ ಆಚೆ ತುದಿಯ ಮಕ್ಕಳಿಗೆ ಕೇಳಿಸುವಂತೆ ಕೂಗಿ ಅಭ್ಯಾಸ. ಅಡುಗೆಮನೆಯಲ್ಲೂ ಅದೇ ದನಿ. ಇಬ್ಬರೂ ಒಟ್ಟಿಗೆ ಹೂಂ ಅಂದದ್ದು ಕೋರ್ಟಿನಲ್ಲೇ, ಬೇರೆಯಾಗುವ ಮಾತಿಗೆ. ಮದುವೆಯಲ್ಲಿದ್ದಷ್ಟು ದಿನ ಗಂಡನಿಗೆ 'ನೀವು' ಅನ್ನುತ್ತಿದ್ದವಳು ಕೋರ್ಟಿನ ಮೆಟ್ಟಿಲು ಇಳಿಯುತ್ತಲೇ 'ನೀನು'ಗೆ ಇಳಿದಳು.

ಮಕ್ಕಳು ಒಂದು ವಾರ ಅಮ್ಮನ ಹತ್ತಿರ, ಒಂದು ವಾರ ಅಪ್ಪನ ಹತ್ತಿರ. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಹೊಸ ವ್ಯವಸ್ಥೆಯ ಲಾಭ ಅವರಿಗೆ ಬೇಗ ತಿಳಿಯಿತು. "ಅಮ್ಮನ ಮನೇಲಿ ಮಂಚದ ಮೇಲೆ ಕುಣೀಬಹುದು" ಅಂದರೆ ಅಪ್ಪ, ಅವಳಿಗಿಂತ ತಾನೇನು ಕಡಿಮೆ ಎಂದು, "ಸೋಫಾ ಮೇಲೂ ಕುಣೀರೋ" ಅನ್ನುತ್ತಿದ್ದ. ಆ ಸುದ್ದಿ ಮುಂದಿನ ವಾರ ಅಮ್ಮನಿಗೆ ಮುಟ್ಟುತ್ತಿತ್ತು. ಅಪ್ಪ ಅಮ್ಮ ಪರಸ್ಪರ ಮಾತಾಡುವುದಿಲ್ಲವಾದ್ದರಿಂದ ಯಾವುದು ನಿಜ ಎಂದು ವಿಚಾರಿಸುವವರೇ ಇರಲಿಲ್ಲ.

ಎರಡು ಮನೆಗೂ ಓಡಾಡುತ್ತಿದ್ದ ದೊಡ್ಡವರೆಂದರೆ ಅತ್ತೆ, ಅಂದರೆ ಮಿಸ್‌ನ ತಾಯಿ. ಮೊಮ್ಮಕ್ಕಳು ಅಪ್ಪನ ಮನೆಗೆ ಹೊರಟರೆ ತಾವೂ ಒಂದು ಬ್ಯಾಗ್ ಹಿಡಿದು ಹೊರಡುತ್ತಿದ್ದರು. ಮಿಸ್ ತಡೆದರೆ, "ಡೈವೋರ್ಸ್ ಆಗಿರೋದು ನಿಮ್ಮಿಬ್ಬರಿಗೆ. ನನಗೆ ಯಾವ ಕೋರ್ಟೂ ನೋಟಿಸ್ ಕೊಟ್ಟಿಲ್ಲ" ಅನ್ನುತ್ತಿದ್ದರು. ಹೋದಲ್ಲೆಲ್ಲ ಮೊಮ್ಮಕ್ಕಳನ್ನು ಆಚೆಗೊಂದು ಈಚೆಗೊಂದು ಮಲಗಿಸಿಕೊಂಡು ಕಥೆ ಹೇಳುವುದು ಅವರ ಪದ್ಧತಿ.

ಹೀಗಿರುವಾಗ ಒಂದು ಬೆಳಗ್ಗೆ ಸೆಲೂನಿಗೆ ಫೋನ್ ಬಂತು.

"ಮಗಳ ತಲೆ ತುಂಬ ಹೇನು! ಊರ ಮಂದಿಯ ತಲೆ ಕೆರೆದು ಕೆರೆದು ಮನೆಗೆ ತಂದಿದ್ದೀಯ."

ಕತ್ತರಿ ಮೊಂಡು ಅಂದಿದ್ದರೆ ಅವನು ಸಹಿಸುತ್ತಿದ್ದ. ಆದರೆ ಅಂಗಡಿಗೆ ಹೇನಿನ ಅಪವಾದವೆಂದರೆ ಹೊಟ್ಟೆಯ ಮೇಲೆ ಹೊಡೆದಂತೆ. "ನನ್ನ ಅಂಗಡಿ ಕನ್ನಡಿ ಥರ ಇದೆ. ನಿನ್ನ ಮೈದಾನದ ಮಣ್ಣಲ್ಲಿ ಹೊರಳಾಡೋ ಮಕ್ಕಳ ತಲೆ ಮೊದಲು ನೋಡು" ಎಂದು ಫೋನ್ ಇಟ್ಟ. ಇಟ್ಟವನೇ ಟವೆಲ್‌ಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿದ.

ಅಲ್ಲಿಂದ ಶುರುವಾಯಿತು. ಅವಳು ತನ್ನ ವಾರದಲ್ಲಿ ಮಕ್ಕಳ ತಲೆಗೆ ಔಷಧಿ ಹಚ್ಚಿ, ಸಣ್ಣ ಹಲ್ಲಿನ ಸೀರಣಿಗೆಯಲ್ಲಿ ಬಾಚಿ, ಸೀರೂ ಉಳಿಯದಂತೆ ಮಾಡಿ ಕಳಿಸುವಳು. ಇವನ ವಾರ ಮುಗಿಯುವಷ್ಟರಲ್ಲಿ ಮತ್ತೆ ಹೇನು. ಇವನೂ ಬಾಚಿ ಕಳಿಸಿದರೆ ಅವಳ ವಾರದಲ್ಲಿ ಮತ್ತೆ. ಇಬ್ಬರೂ ಇನ್ನೊಬ್ಬರ ಮನೆಯತ್ತ ಬೆರಳು ತೋರಿಸಿದರು. ತಂತಮ್ಮ ತಲೆ ನೋಡಿಕೊಳ್ಳಬೇಕು ಎಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಸೆಲೂನಿನ ಕನ್ನಡಿಯಲ್ಲಿ. ಕುರ್ಚಿಯಲ್ಲಿ ಕೂತಿದ್ದ ಬ್ಯಾಂಕ್ ಮ್ಯಾನೇಜರರು ಕಣ್ಣು ಬಿಟ್ಟು ನೋಡುತ್ತಾರೆ: ಹಿಂದೆ ನಿಂತವನು ಅವರ ತಲೆ ಬಿಟ್ಟು ಬಾಚಣಿಗೆಯಿಂದ ತನ್ನ ತಲೆಯನ್ನೇ ಕರಕರ ಕೆರೆದುಕೊಳ್ಳುತ್ತಿದ್ದಾನೆ! ಮ್ಯಾನೇಜರರು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ, ಒಂದು ಕಡೆ ಕತ್ತರಿಸಿ ಒಂದು ಕಡೆ ಬಿಟ್ಟ ತಲೆಯಲ್ಲೇ ಬೀದಿಗೆ ಜಿಗಿದರು.

ಅವನು ಅಂಗಡಿಯ ಬಾಗಿಲೆಳೆದು, ಅವಮಾನ ನುಂಗಿಕೊಂಡು ಅವಳ ಮನೆಗೆ ಹೋದ. ಬೆಲ್ ಒತ್ತಿದ. ಬಾಗಿಲು ತೆರೆದವಳ ಒಂದು ಕೈ ಚಿಲಕದ ಮೇಲೆ, ಇನ್ನೊಂದು ಕಿವಿಯ ಹಿಂದೆ ಕೂದಲೊಳಗೆ. ಅವನ ಕೈಯೂ ನೆತ್ತಿಯ ಮೇಲೇ ಇತ್ತು.

"ನಿನಗೂನಾ?" ಅಂದಳು.

"ನಿನಗೂನಾ?" ಅಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಅವನಿಗೂ. ಮಕ್ಕಳು ಒಳಗಿಂದ ಓಡಿಬಂದು ಇವರಿಗೇನಾಯಿತೋ ಎಂದು ಗಾಬರಿಯಾದರು.

ಭಾನುವಾರ ಎಲ್ಲರೂ ಅವಳ ಮನೆಯ ತಾರಸಿಯಲ್ಲಿ ಸೇರಿದರು. ಮಿಸ್ ಕೊರಳಿನ ವಿಶಲ್ ಊದಿ ಎತ್ತರದ ಪ್ರಕಾರ ಸಾಲು ಮಾಡಿಸಿದಳು. ಅತ್ತೆ ಮಾತ್ರ ಸಾಲಿಗೆ ಬರಲೊಲ್ಲರು.

"ಇಷ್ಟು ವರ್ಷದಲ್ಲಿ ನನ್ನ ತಲೇಲಿ ಒಂದು ಹೇನು ಕಂಡಿಲ್ಲ."

"ನಿಮ್ಮ ತಲೆ ನಿಮಗೆ ಹೇಗೆ ಕಾಣುತ್ತೆ ಅತ್ತೆ? ಬನ್ನಿ, ಕೂತ್ಕೊಳ್ಳಿ" ಎಂದು ಅವನು ಉಪಾಯವಾಗಿ ಕೂರಿಸಿ ತುರುಬು ಬಿಚ್ಚಿದ. ಬಿಚ್ಚಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದ. ಒಳಗೆ ಮಕ್ಕಳು ಮರಿಗಳೆಲ್ಲ ಕೂಡಿ ತುಂಬಿದ ಸಂಸಾರ! ಪ್ರತಿ ವಾರ ಎರಡು ಮನೆಗೂ ಬೀಜ ಹಂಚುತ್ತಿದ್ದವರು ಇವರೇ.

ಅತ್ತೆ ಬಿಚ್ಚಿದ ಕೂದಲನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು. ಆಮೇಲೆ, "ನೋಡಿ ಅಳಿಯಂದ್ರೇ, ಈ ಎರಡು ಮನೆ ಮಧ್ಯೆ ಏನಾದ್ರೂ ಸಂಬಂಧ ಉಳಿಸಿದ್ದೋಳು ನಾನೊಬ್ಬಳೇ" ಅಂದರು.

ಎಲ್ಲರ ತಲೆ ಮುಗಿದ ಮೇಲೆ ಉಳಿದದ್ದು ಸೆಲೂನಿನವನ ತಲೆ. ತನ್ನ ತಲೆಯ ಹೇನು ತಾನೇ ಹೆಕ್ಕಿಕೊಳ್ಳಲು ಅವನಿಂದಲೂ ಆಗದು. ಮಿಸ್ ಸೀರಣಿಗೆ ಇಸಿದುಕೊಂಡಳು. ಅವನು ಕತ್ತು ಬಗ್ಗಿಸಿ ಕೂತ.

"ಬಿಳಿ ಕೂದಲು ಜಾಸ್ತಿಯಾಗಿದೆ" ಅಂದಳು, ಮೈದಾನಕ್ಕೆ ಕೇಳಿಸದ ದನಿಯಲ್ಲಿ.

"ಹೂಂ. ಹೇನು ಕಾಣೋದು ಸುಲಭ."

ಮಗ ಇಬ್ಬರನ್ನೂ ನೋಡಿ ಕೇಳಿಯೇಬಿಟ್ಟ: "ಅಪ್ಪ ಇನ್ಮೇಲೆ ಇಲ್ಲೇ ಇರ್ತಾರಾ?"

ಸೀರಣಿಗೆ ನಿಂತಿತು. "ಇಲ್ಲ ಪುಟ್ಟ" ಅಂದಳು. "ನಾವಿಬ್ರೂ ಒಂದೇ ಮನೇಲಿದ್ರೆ ಈ ಹೇನಿಗಿಂತ ಜೋರಾಗಿ ಕಚ್ಚಾಡ್ತೀವಿ."

"ಆದ್ರೆ ನಿನ್ನ ತಲೆ ಇಬ್ರೂ ನೋಡ್ತೀವಿ" ಎಂದು ಅವನು ಸೇರಿಸಿದ.

ಮಗಳು ನಡುವೆ ಬಾಯಿ ಹಾಕಿದಳು. "ನೋಡೋದಾದ್ರೆ ಫೋನ್ ಮಾಡಿ ಮಾತಾಡ್ಕೊಳ್ಳಿ. ಇಲ್ಲಿದ್ದಾಗ ನನ್ನ ಶೂ ಅಲ್ಲಿರುತ್ತೆ, ಅಲ್ಲಿದ್ದಾಗ ಪುಸ್ತಕ ಇಲ್ಲಿರುತ್ತೆ. ತಪ್ಪು ಯಾರದು ಅಂತ ಕೇಳ್ತೀರೇ ಹೊರತು ಶೂ ಯಾರೂ ತಂದುಕೊಡಲ್ಲ."

ಇಬ್ಬರಿಗೂ ಕೆನ್ನೆಗೆ ಬಾರಿಸಿದಂತಾಯಿತು. ಅವನು ಆಗಲೇ ಎದ್ದು, ಔಷಧಿ ಹಚ್ಚಿದ ತಲೆಗೆ ಟವೆಲ್ ಸುತ್ತಿಕೊಂಡೇ ಹೋಗಿ ಶೂ ತಂದ.

ಅಂದಿನಿಂದ ವಾರಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ಜಗಳವಿಲ್ಲದೆ ಮುಗಿದದ್ದು ಕಡಿಮೆ. ಆದರೆ ಮುಗಿಯುವಷ್ಟರಲ್ಲಿ ಶೂ, ಪುಸ್ತಕ, ಕೆಮ್ಮಿನ ಔಷಧಿ ಎಲ್ಲವೂ ತೀರ್ಮಾನವಾಗಿರುತ್ತಿತ್ತು. ಮೊದಲ ಫೋನಿನಲ್ಲೇ ಒಂದು ವಿಷಯ ಬೆಳಕಿಗೆ ಬಂತು: ಮಂಚದ ಮೇಲೆ ಕುಣಿಯಲು ಅಮ್ಮ ಯಾವತ್ತೂ ಬಿಟ್ಟೇ ಇರಲಿಲ್ಲ. ಅವತ್ತಿನಿಂದ ಎರಡು ಮನೆಯಲ್ಲೂ ಮಂಚ, ಸೋಫಾ ಎರಡೂ ಬಂದ್.

"ನೀನ್ಯಾಕೆ ಅವರಿಗೆ ಮಾತಾಡ್ಕೊಳ್ಳಿ ಅಂದೆ?" ಎಂದು ಮಗ ಅಕ್ಕನ ಜೊತೆ ಎರಡು ದಿನ ಟೂ ಬಿಟ್ಟ.